ಇಲ್ಲ ಎನ್ನದ ಕೋಟೆ

ಜಗತ್ತಿನ ಕಾದಂಬರಿಗಳಲ್ಲಿ ಅತ್ಯಂತ ಹೆಸರಾದ ಸರ್ವೆಯರ್ ಯಾರೆಂದು ಕೇಳಿದರೆ ಉತ್ತರ ಒಂದೇ: ಫ್ರಾನ್ಜ್ ಕಾಫ್ಕಾ ಬರೆದ ‘ದಿ ಕ್ಯಾಸಲ್’ ಕಾದಂಬರಿಯ ಕೆ. ಅವನಿಗೆ ಪೂರ್ತಿ ಹೆಸರಿಲ್ಲ. ಹಳ್ಳಿಯೊಂದರ ಭೂಮಿ ಅಳೆಯಲು ತನಗೆ ಕರೆ ಬಂದಿದೆ ಎಂದು ಹೇಳಿಕೊಂಡು ಹಿಮ ಬಿದ್ದ ಒಂದು ರಾತ್ರಿ ಬಂದಿಳಿಯುತ್ತಾನೆ. ಅವನನ್ನು ಕರೆಸಿದ್ದು ಗುಡ್ಡದ ಮೇಲಿನ ಕೋಟೆ. ಆ ಕೋಟೆ ಬೆಳಗಾದರೆ ಕಣ್ಣಿಗೆ ಕಾಣುತ್ತದೆ, ನಡೆದು ಹೋದರೆ ಸಿಗುವುದಿಲ್ಲ. ನೂರಾರು ಪುಟ ಓದಿದರೂ ಕೆ. ಒಂದು ಗೇಣು ನೆಲವನ್ನೂ ಅಳೆದಿರುವುದಿಲ್ಲ, ಕೋಟೆಯ ಬಾಗಿಲನ್ನೂ ಮುಟ್ಟಿರುವುದಿಲ್ಲ.

ನಾನು ಸರ್ವೆಯರ್ ಆಗಿ ದುಡಿದು ನಿವೃತ್ತನಾದವನು. ಊರು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ರೈಲಿನಲ್ಲಿ ಹೊರಟರೆ ತೋರಣಗಲ್ಲಿಗೆ ಮೊದಲು ಸಿಗುವ ಸ್ಟೇಷನ್ನು. ಕಾದಂಬರಿ ಓದುವ ಅಭ್ಯಾಸ ಚಿಕ್ಕಂದಿನಿಂದ ಇತ್ತಾದರೂ ಕಾಫ್ಕಾನ ಹೆಸರು ಕೇಳಿದ್ದು ಬಹಳ ತಡವಾಗಿ. ಹೊಸಪೇಟೆಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಗೆಳೆಯರೊಬ್ಬರು ಪುಸ್ತಕ ಕೈಗಿಟ್ಟು, “ಇದ್ರಾಗ ಹೀರೋ ನಿಮ್ಮವನೇ ಅದಾನ ನೋಡ್ರಿ, ಸರ್ವೆಯರ್ರು” ಅಂದರು. 1930ರಲ್ಲಿ ವಿಲ್ಲಾ ಮತ್ತು ಎಡ್ವಿನ್ ಮ್ಯೂರ್ ದಂಪತಿ ಮಾಡಿದ ಇಂಗ್ಲಿಷ್ ಅನುವಾದ ಅದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದಿದೆ. ಮೊದಲ ಓದಿಗೆ ತಲೆಬುಡ ತಿಳಿಯದೆ ಕಿರಿಕಿರಿಯಾಯಿತು. ಎರಡನೇ ಓದಿಗೆ, ನನ್ನ ಎದುರು ವರ್ಷಗಟ್ಟಲೆ ಫೈಲು ಹಿಡಿದು ಕೂತ ಜನರ ಮುಖಗಳು ಒಂದೊಂದಾಗಿ ಕಾಣತೊಡಗಿದವು. ಆ ಜನರಿಗೂ, ಇನ್ನೂ ಹಾಗೆ ಕೂತಿರುವವರಿಗೂ ಈ ಕಾದಂಬರಿಯ ವಿಷಯ ಗೊತ್ತಾಗಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕಾಫ್ಕಾ ಕಚೇರಿಯ ಒಳಗೇ ಕೂತು ಬರೆದ ಮನುಷ್ಯ ಎಂಬುದನ್ನು ಮೊದಲು ಹೇಳಬೇಕು. 1883ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ. ಕಾನೂನು ಓದಿ, 1908ರಲ್ಲಿ ಕಾರ್ಮಿಕರ ಅಪಘಾತ ವಿಮೆಯ ಸಂಸ್ಥೆಗೆ ಸೇರಿದ. 1922ರಲ್ಲಿ ಕ್ಷಯದಿಂದ ಮೈ ಸೋತು ನಿವೃತ್ತಿ ಪಡೆಯುವವರೆಗೆ ಅಲ್ಲೇ ಇದ್ದ. ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವನಿಗೆ ಎಷ್ಟು ಪರಿಹಾರ, ಯಾವ ಕಾರ್ಖಾನೆ ಎಷ್ಟು ಅಪಾಯದ್ದು, ಮಾಲೀಕ ಎಷ್ಟು ವಿಮಾ ಕಂತು ಕಟ್ಟಬೇಕು ಎಂಬ ಲೆಕ್ಕ, ಅದರ ಮೇಲಿನ ತಕರಾರು ಅರ್ಜಿಗಳು, ಇದು ಅವನ ದಿನನಿತ್ಯದ ಕೆಲಸ. ಮರ ಹೆರೆಯುವ ಯಂತ್ರಗಳಲ್ಲಿ ಬೆರಳು ಕತ್ತರಿಸಿ ಹೋಗದಂತೆ ಯಾವ ಬಗೆಯ ತಿರುಗುದಂಡ (ಶಾಫ್ಟ್) ಹಾಕಬೇಕು ಎಂದು ಚಿತ್ರಸಮೇತ ವರದಿ ಬರೆದ. 1914ರಲ್ಲಿ ಕಲ್ಲುಕ್ವಾರಿಗಳ ಅಪಘಾತ ತಡೆಯುವುದು ಹೇಗೆಂದು ಫೋಟೋಗಳೊಂದಿಗೆ ಇನ್ನೊಂದು ವರದಿ ಬರೆದ. ಸಂಡೂರಿನ ಗುಡ್ಡಗಳಲ್ಲಿ ಗಣಿ ಕೆಲಸಕ್ಕೆ ಹೋಗಿ ಬಂದವರಿರುವ ಊರಿನವನಾದ ನನಗೆ, ಕಾಫ್ಕಾನ ಬಗ್ಗೆ ಕಥೆಗಳಿಗಿಂತ ಮೊದಲು ಗೌರವ ಹುಟ್ಟಿಸಿದ್ದು ಈ ಕ್ವಾರಿ ವರದಿ. ಕಚೇರಿಯ ಕಾಗದ ಒಬ್ಬ ಕೂಲಿಯ ಪ್ರಾಣ ಉಳಿಸಬಲ್ಲದು ಎಂದು ಅವನಿಗೆ ಗೊತ್ತಿತ್ತು. ಅದೇ ಕಾಗದ ಒಬ್ಬ ಮನುಷ್ಯನ ಆಯಸ್ಸನ್ನೇ ತಿಂದುಹಾಕಬಲ್ಲದು ಎಂಬುದೂ ಗೊತ್ತಿತ್ತು.

ಕಾದಂಬರಿ ಶುರು ಮಾಡಿದ್ದು 1922ರ ಆರಂಭದಲ್ಲಿ, ಆರೋಗ್ಯಕ್ಕೆಂದು ಹೋಗಿದ್ದ ಹಿಮದ ಬೆಟ್ಟದೂರು ಸ್ಪಿಂಡೆಲ್‌ಮ್ಯೂಲೆಯ ದಿನಗಳಲ್ಲಿ. ಅದೇ ವರ್ಷ ಅರ್ಧಕ್ಕೆ ಬಿಟ್ಟ. ಕೊನೆಯ ವಾಕ್ಯವೂ ಪೂರ್ತಿಯಾಗಿಲ್ಲ. 1924ರ ಜೂನ್ 3ರಂದು ತೀರಿಕೊಂಡ. ತಾನು ಬರೆದಿದ್ದನ್ನೆಲ್ಲ ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಹೇಳಿದ್ದ. ಬ್ರಾಡ್ ಸುಡಲಿಲ್ಲ, 1926ರಲ್ಲಿ ಈ ಕಾದಂಬರಿಯನ್ನು ಅಚ್ಚು ಹಾಕಿಸಿದ.

ಇನ್ನು ಕಥೆ. ಹಂಪಿಯ ಮಗ್ಗುಲಲ್ಲಿ ಬೆಳೆದ ನಮಗೆ ಕೋಟೆ ಎಂದರೆ ಬೇರೆಯೇ ಚಿತ್ರ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಏಳು ಸುತ್ತಿನ ಕೋಟೆಯಿತ್ತು ಎಂದು ಬರೆದಿಟ್ಟಿದ್ದಾನೆ. ಕಾಫ್ಕಾನ ಕೋಟೆಯಲ್ಲಿ ಅಂಥ ವೈಭವ ಯಾವುದೂ ಇಲ್ಲ. ಹತ್ತಿರದಿಂದ ನೋಡಿದರೆ ಒತ್ತೊತ್ತಾಗಿ ಕಟ್ಟಿದ ತಗ್ಗು ಮನೆಗಳು, ಒಂದು ಗೋಪುರ, ಅದರ ಸುತ್ತ ಹಾರುವ ಕಾಗೆಗಳು. ಕೋಟೆ ಎಂದು ಮೊದಲೇ ಗೊತ್ತಿರದಿದ್ದರೆ ಯಾವುದೋ ಸಣ್ಣ ಪೇಟೆ ಎಂದುಕೊಳ್ಳಬೇಕು. ಆನೆ, ಕುದುರೆ, ಸೈನಿಕರು ಯಾರೂ ಇಲ್ಲ. ಇರುವವರೆಲ್ಲ ಅಧಿಕಾರಿಗಳು, ಕಾರ್ಯದರ್ಶಿಗಳು, ಅವರ ಕೈಕೆಳಗಿನ ಗುಮಾಸ್ತರು.

ಮೊದಲ ರಾತ್ರಿ ಹಳ್ಳಿಯ ಛತ್ರದಂಥ ಹೋಟೆಲಿನಲ್ಲಿ ಹುಲ್ಲಿನ ಹಾಸಿಗೆಯ ಮೇಲೆ ಮಲಗಿದವನನ್ನು ಒಬ್ಬ ಯುವಕ ಎಬ್ಬಿಸುತ್ತಾನೆ. ಕೋಟೆಯ ಅನುಮತಿಯಿಲ್ಲದೆ ಇಲ್ಲಿ ಯಾರೂ ತಂಗುವಂತಿಲ್ಲ ಎನ್ನುತ್ತಾನೆ. ಕೆ. ತಾನು ಕೋಟೆಯವರೇ ಕರೆಸಿದ ಸರ್ವೆಯರ್ ಎನ್ನುತ್ತಾನೆ. ಫೋನ್ ಹೋಗುತ್ತದೆ. ಅಂಥವನು ಯಾರೂ ನಮಗೆ ಗೊತ್ತಿಲ್ಲ ಎಂಬ ಉತ್ತರ ಬರುತ್ತದೆ. ಇನ್ನೇನು ಹೊರಗೆ ದಬ್ಬಬೇಕು, ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಳ್ಳುತ್ತದೆ. ಹೌದು, ಅವನು ಸರ್ವೆಯರ್ ಹೌದು ಎಂದು ಈ ಸಲದ ಉತ್ತರ. ಇಡೀ ಕಾದಂಬರಿಯ ಬೀಜ ಈ ಎರಡು ಫೋನ್ ಕರೆಗಳಲ್ಲಿದೆ. ಮೊದಲನೇ ಉತ್ತರವೇ ಗಟ್ಟಿಯಾಗಿ ನಿಂತಿದ್ದರೆ ಕೆ. ಬೆಳಗಾಗೆದ್ದು ಬೇರೆ ಊರಿಗೆ ಹೋಗಿ ಬದುಕು ಕಟ್ಟಿಕೊಳ್ಳುತ್ತಿದ್ದ. ಎರಡನೆಯದು ಅವನನ್ನು ಕಟ್ಟಿಹಾಕಿತು.

ಮರುದಿನ ಕೋಟೆಯತ್ತ ನಡೆಯುತ್ತಾನೆ. ರಸ್ತೆ ಕೋಟೆಯ ಕಡೆಗೇ ಹೋಗುವಂತೆ ಕಾಣುತ್ತದೆ, ಹತ್ತಿರ ಹತ್ತಿರ ಬಂದು ಬೇಕೆಂದೇ ಎಂಬಂತೆ ತಿರುಗಿಬಿಡುತ್ತದೆ. ದೂರವೂ ಹೋಗುವುದಿಲ್ಲ, ಹತ್ತಿರವೂ ಬರುವುದಿಲ್ಲ. ಕೋಟೆಯಿಂದ ಇಬ್ಬರು ಸಹಾಯಕರನ್ನು ಕಳಿಸುತ್ತಾರೆ. ಇಬ್ಬರಿಗೂ ಅಳತೆಯ ಗಂಧಗಾಳಿಯಿಲ್ಲ, ಕೈಯಲ್ಲಿ ಸಲಕರಣೆಯಿಲ್ಲ. ಬಾರ್ನಬಾಸ್ ಎಂಬ ದೂತ ಕ್ಲಾಮ್ ಎಂಬ ಮೇಲಧಿಕಾರಿಯ ಪತ್ರ ತರುತ್ತಾನೆ. ನಿಮ್ಮನ್ನು ಸೇವೆಗೆ ತೆಗೆದುಕೊಳ್ಳಲಾಗಿದೆ ಎಂದು ಅದರಲ್ಲಿದೆ, ಸಹಿ ಓದಲು ಬರುವುದಿಲ್ಲ. ಮುಂದೊಮ್ಮೆ ಬರುವ ಇನ್ನೊಂದು ಪತ್ರದಲ್ಲಿ ನೀವು ಈವರೆಗೆ ಮಾಡಿದ ಅಳತೆಯ ಕೆಲಸ ತೃಪ್ತಿ ತಂದಿದೆ ಎಂದು ಹೊಗಳಿಕೆ! ಒಂದು ಕಲ್ಲು ನೆಟ್ಟಿಲ್ಲ, ಒಂದು ಗೆರೆ ಎಳೆದಿಲ್ಲ. ಈ ಪುಟ ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದೆ.

ನನ್ನ ಮಟ್ಟಿಗೆ ಕಾದಂಬರಿಯ ಅತಿ ದೊಡ್ಡ ಅಧ್ಯಾಯ ಹಳ್ಳಿಯ ಮುಖ್ಯಸ್ಥನದು. ಕೀಲುನೋವಿನಿಂದ ಹಾಸಿಗೆ ಹಿಡಿದ ಈ ಮುದುಕ ಕೆ.ಯನ್ನು ಪ್ರೀತಿಯಿಂದಲೇ ಬರಮಾಡಿಕೊಳ್ಳುತ್ತಾನೆ. ನಮಗೆ ಸರ್ವೆಯರ್ ಬೇಕಾಗಿಯೇ ಇಲ್ಲ, ನಮ್ಮ ಹೊಲಗಳಿಗೆ ಗಡಿಯಾಗಿದೆ, ಎಲ್ಲ ದಾಖಲೆಯಲ್ಲಿದೆ, ಜಮೀನು ಕೈ ಬದಲಾಗುವುದೇ ಅಪರೂಪ, ಸಣ್ಣಪುಟ್ಟ ತಕರಾರು ನಾವೇ ಬಗೆಹರಿಸಿಕೊಳ್ಳುತ್ತೇವೆ ಎನ್ನುತ್ತಾನೆ. ಹಾಗಾದರೆ ಕರೆ ಹೇಗೆ ಬಂತು? ಆಗ ಅವನು ಒಂದು ಫೈಲಿನ ಚರಿತ್ರೆ ಹೇಳುತ್ತಾನೆ. ಬಹಳ ವರ್ಷಗಳ ಹಿಂದೆ ಒಂದು ವಿಭಾಗದಿಂದ ಹುಕುಂ ಬಂತು: ಸರ್ವೆಯರ್ ಒಬ್ಬನನ್ನು ನೇಮಿಸಲಾಗುವುದು, ನಕ್ಷೆ ದಾಖಲೆ ಸಿದ್ಧ ಮಾಡಿಟ್ಟುಕೊಳ್ಳಿ. ಬೇಡ ಎಂದು ಹಳ್ಳಿಯವರು ಉತ್ತರ ಬರೆದರು. ಉತ್ತರ ತಪ್ಪಿ ಇನ್ನೊಂದು ವಿಭಾಗಕ್ಕೆ ಹೋಯಿತು. ಅದೂ ಪೂರ್ತಿ ಹೋಗಲಿಲ್ಲ. ಒಳಗಿನ ಕಾಗದ ಎಲ್ಲೋ ಉದುರಿ, ಬರೀ ಮೇಲಿನ ರಕ್ಷಾಕಾಗದ ತಲುಪಿತು. ವಿಷಯ ಸರ್ವೆಯರ್ ನೇಮಕ ಎಂದಷ್ಟೇ ಅದರ ಮೇಲೆ ಬರೆದಿತ್ತು. ಮೊದಲ ವಿಭಾಗ ಉತ್ತರ ಬಂದಿಲ್ಲವೆಂದು ಕಾಯಿತು. ಎರಡನೇ ವಿಭಾಗದಲ್ಲಿ ಸೊರ್ಡಿನಿ ಎಂಬ ಬಹಳ ಶ್ರದ್ಧೆಯ ಅಧಿಕಾರಿ ಇದ್ದ. ಒಳಗಿನ ಕಾಗದ ಎಲ್ಲಿ ಎಂದು ಕೇಳಿ ಖಾಲಿ ರಕ್ಷಾಕಾಗದ ವಾಪಸು ಕಳಿಸಿದ. ಹಳ್ಳಿಯವರಿಗೆ ಅಷ್ಟರಲ್ಲಿ ಮರೆತೇ ಹೋಗಿತ್ತು. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಸಂಶಯ, ಸಂಶಯಕ್ಕೆ ವಿಚಾರಣೆ, ವರ್ಷಗಳು ಉರುಳಿದವು.

ಸೊರ್ಡಿನಿಯ ಕೋಣೆಯ ವರ್ಣನೆ ಒಮ್ಮೆ ಓದಿದರೆ ಮರೆಯುವಂತಿಲ್ಲ. ಗೋಡೆಯುದ್ದಕ್ಕೂ ಫೈಲಿನ ಕಟ್ಟುಗಳ ಕಂಬಗಳು. ಅವು ಆಗ ಅವನ ಕೈಯಲ್ಲಿರುವ ಕೆಲಸದ ಫೈಲುಗಳು ಮಾತ್ರ. ಅವಸರವಸರವಾಗಿ ಒಂದು ಎಳೆದು ಇನ್ನೊಂದು ತುರುಕುವುದರಿಂದ ಕಂಬಗಳು ಎಡೆಬಿಡದೆ ದಡದಡ ಕುಸಿಯುತ್ತಿರುತ್ತವೆ. ಆ ಸದ್ದು ಕೇಳಿದರೆ ಸೊರ್ಡಿನಿಯ ಕೋಣೆ ಎಂದು ತಿಳಿಯಬೇಕು. ಇತ್ತ ಹಳ್ಳಿ ಮುಖ್ಯಸ್ಥನ ಮನೆಯಲ್ಲಿ ಅವನ ಹೆಂಡತಿ ಬೀರುವಿನ ಬಾಗಿಲು ತೆರೆದು, ಸೌದೆ ಹೊರೆಯಂತೆ ಹುರಿ ಕಟ್ಟಿದ ಕಾಗದದ ಕಟ್ಟುಗಳನ್ನು ನೆಲಕ್ಕೆ ಸುರುವುತ್ತಾಳೆ. ಎಷ್ಟು ಹುಡುಕಿದರೂ ಆ ಹುಕುಂ ಸಿಗುವುದಿಲ್ಲ. ಎಲ್ಲವನ್ನೂ ಒಳಗೆ ಸೇರಿಸಲಾಗದೆ ಸಹಾಯಕರಿಬ್ಬರು ಬೀರುವನ್ನೇ ಅಡ್ಡ ಮಲಗಿಸಿ, ಕಾಗದ ತುಂಬಿ, ಬಾಗಿಲ ಮೇಲೆ ಕೂತು ಮುಚ್ಚುತ್ತಾರೆ.

ಓದುಗರು ಒಂದು ವಿಷಯ ಗಮನಿಸಬೇಕು. ಈ ಚರಿತ್ರೆಯಲ್ಲಿ ಲಂಚ ತಿಂದವರಿಲ್ಲ. ಸೋಮಾರಿಗಳಿಲ್ಲ. ಸೊರ್ಡಿನಿಯಂಥ ಪ್ರಾಮಾಣಿಕ ಸಿಬ್ಬಂದಿ ಸಿಕ್ಕರೆ ಯಾವ ಕಚೇರಿಯೂ ಪುಣ್ಯ ಮಾಡಿತ್ತು ಎನ್ನಬೇಕು. ಆದರೂ ಒಬ್ಬ ಮನುಷ್ಯ ನಡುನೀರಿನಲ್ಲಿ ಸಿಕ್ಕಿಕೊಂಡ. ಮುಖ್ಯಸ್ಥ ಅವನಿಗೆ ಕೆಲಸವಿಲ್ಲ ಎನ್ನುತ್ತಾನೆ, ಹೋಗು ಎನ್ನುವುದಿಲ್ಲ. ನಿನ್ನನ್ನು ಇಲ್ಲಿ ಯಾರೂ ಹಿಡಿದಿಟ್ಟಿಲ್ಲ, ಯಾರೂ ಹೊರಗೂ ಹಾಕುತ್ತಿಲ್ಲ ಎಂಬುದೇ ಅವನ ಮಾತಿನ ಸಾರ. ಕೊನೆಗೆ ಸರ್ವೆಯರನನ್ನು ಶಾಲೆಯ ಜವಾನನನ್ನಾಗಿ ಇಟ್ಟುಕೊಳ್ಳುತ್ತಾರೆ. ಅವನೂ, ಅವನು ಮದುವೆಯಾಗಬೇಕೆಂದಿರುವ ಫ್ರೀಡಾಳೂ ರಾತ್ರಿ ತರಗತಿಯ ನೆಲದ ಮೇಲೆ ಮಲಗಿ, ಬೆಳಿಗ್ಗೆ ಮಕ್ಕಳು ಬರುವ ಮೊದಲು ಏಳಬೇಕು.

ಕಾಫ್ಕಾ ತನ್ನ ಕಥಾನಾಯಕನನ್ನು ಡಾಕ್ಟರೋ ಮೇಷ್ಟ್ರೋ ಮಾಡದೆ ಸರ್ವೆಯರನ್ನಾಗಿ ಏಕೆ ಮಾಡಿದ ಎಂದು ವಿಮರ್ಶಕರು ನಾನಾ ಬಗೆಯಲ್ಲಿ ಹೇಳಿದ್ದಾರೆ. ವೃತ್ತಿಯಲ್ಲಿದ್ದವನಾಗಿ ನನಗನ್ನಿಸಿದ್ದು ಇಷ್ಟು: ಅಳತೆ ಎಂದರೆ ಕೊನೆಯ ಮಾತು. ನಮ್ಮ ಕೈಯಲ್ಲಿ ಇದ್ದದ್ದು ಗುಂಟರ್ ಸರಪಳಿ, 66 ಅಡಿ ಉದ್ದ, 100 ಕೊಂಡಿ. ಹತ್ತು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಎಕರೆ. ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಸೀಮೆಯಲ್ಲಿ ಎಕರೆಗೆ 100 ಸೆಂಟ್ಸು. ಹಳೇ ಮೈಸೂರು ಕಡೆಯವರ 40 ಗುಂಟೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ಈ ಜಿಲ್ಲೆಗಳಿಗೆ ಥಾಮಸ್ ಮನ್ರೊ ಕಲೆಕ್ಟರಾಗಿ ಬಂದು, 1807ರವರೆಗಿನ ತನ್ನ ಅವಧಿಯಲ್ಲಿ ಹೊಲ ಹೊಲ ಅಳೆಸಿ ರೈತನ ಹೆಸರಿಗೇ ಕಂದಾಯ ಗೊತ್ತುಮಾಡಿದ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಪಕ್ಕದ ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನ. ರಾಜರು, ಕಂಪನಿ, ಸರ್ಕಾರ ಎಲ್ಲ ಬದಲಾದರೂ ಒಂದು ಮಾತು ಬದಲಾಗಲಿಲ್ಲ: ಬಾಂದುಕಲ್ಲು ನೆಟ್ಟು, ಚಕ್ಕುಬಂದಿಯವರ ಎದುರು ಅಳತೆ ಹೇಳಿ, ಮಹಜರಿಗೆ ಸಹಿ ಹಾಕಿಸಿದ ಮೇಲೆ ವಿಷಯ ಮುಗಿಯಿತು. ಒಪ್ಪಿದರೆ ಒಪ್ಪಿದ, ಒಪ್ಪದಿದ್ದರೆ ಮೇಲ್ಮನವಿ ಹಾಕುತ್ತಾನೆ. ಎರಡಕ್ಕೂ ದಾರಿಯಿದೆ, ಏಕೆಂದರೆ ಒಂದು ಗೆರೆ ಬಿದ್ದಿದೆ. ಕಾಫ್ಕಾನ ಕೋಟೆಗೆ ಬೇಡವಾದದ್ದು ಆ ಗೆರೆ. ಯಾರಿಗೆ ಎಲ್ಲಿಯವರೆಗೆ ಹಕ್ಕು, ಎಲ್ಲಿಂದ ಆಚೆ ಇಲ್ಲ ಎಂದು ಗೊತ್ತಾಗಿಬಿಟ್ಟರೆ ಆ ಹಳ್ಳಿಯ ಭಯ ಅರ್ಧ ಕರಗುತ್ತದೆ. ಆದ್ದರಿಂದಲೇ ಆ ಊರಿನಲ್ಲಿ ಸರ್ವೆಯರ್ ಇರಬಹುದು, ಸರ್ವೆ ಆಗಬಾರದು.

ಕೆಲಸದಲ್ಲಿದ್ದಾಗ ನೋಡಿದ ಒಬ್ಬ ಅಜ್ಜಿಯ ವಿಷಯ ಇಲ್ಲಿ ಹೇಳಬೇಕು. ಎರಡೂವರೆ ಎಕರೆ ಮಸಾರಿ ಭೂಮಿ. ಗಂಡ ತೀರಿಕೊಂಡ ಮೇಲೆ ಖಾತೆ ತನ್ನ ಹೆಸರಿಗೆ ಆಗಬೇಕೆಂದು ಅರ್ಜಿ ಕೊಟ್ಟಿದ್ದಳು. ಮೈದುನನ ಮಕ್ಕಳ ತಕರಾರಿತ್ತು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಕೆಂಪು ವಸ್ತ್ರದಲ್ಲಿ ಸುತ್ತಿದ ಹಳೇ ಪಟ್ಟಾ, ಕಂದಾಯದ ರಸೀದಿಗಳು, ಗಂಡನ ಮರಣಪತ್ರ. ಅವನ್ನು ಬಿಚ್ಚಿ ಒಂದೊಂದಾಗಿ ನನ್ನ ಮುಂದೆ ಹಾಸುತ್ತಿದ್ದಳು, ಮಡಿಕೆಯಲ್ಲಿ ಹರಿದ ಕಡೆ ಅಂಬಲಿಯ ಗಂಜಿಯಿಂದ ಅಂಟಿಸಿದ್ದಳು. “ಯಪ್ಪಾ, ಅವರು ಆಗಾಂಗಿಲ್ಲ ಅಂತ ಒಂದು ಮಾತು ಅಂದುಬಿಟ್ಟಿದ್ರ ನಾನು ಮಗಳ ಮನಿಗೆ ಹೋಗಿ ಇರ್ತಿದ್ದೆ. ಹಂಗೂ ಅನ್ನವಲ್ರು. ಬಾ ಬೇ, ನೋಡೂನು, ಮುಂದಿನ ವಾರ ಬಾ ಅಂತಾರ” ಅಂದಿದ್ದಳು. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ. ನನ್ನ ಕೈಯಲ್ಲಿದ್ದದ್ದು ಕಲ್ಲು ತೋರಿಸುವ ಕೆಲಸವಷ್ಟೇ, ತೋರಿಸಿಕೊಟ್ಟೆ. ಖಾತೆ ಆಗುವ ಮೊದಲೇ ಅಜ್ಜಿ ಹೋದಳು. ಕಾಫ್ಕಾನನ್ನು ಓದುವಾಗ ಅವಳ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಕೇಳಿತು. ಕೋಟೆ ಕೆ.ಗೆ ಮಾಡಿದ ದೊಡ್ಡ ಅನ್ಯಾಯ ಅವನನ್ನು ತಿರಸ್ಕರಿಸಿದ್ದಲ್ಲ. ಒಮ್ಮೆಯೂ ಸರಿಯಾಗಿ ತಿರಸ್ಕರಿಸದೆ ಇದ್ದದ್ದು.

ಇದೇ ಮಾತು ಬಾರ್ನಬಾಸನ ಮನೆಯ ಕಥೆಯಲ್ಲಿ ಇನ್ನೂ ಕ್ರೂರವಾಗಿ ಬರುತ್ತದೆ. ಅವನ ತಂಗಿ ಅಮಾಲಿಯಾಳಿಗೆ ಸೊರ್ಟಿನಿ ಎಂಬ ಅಧಿಕಾರಿ (ಆ ಶ್ರದ್ಧಾವಂತ ಸೊರ್ಡಿನಿ ಬೇರೆ, ಇವನು ಬೇರೆ) ಹೊಲಸು ಭಾಷೆಯ ಪತ್ರ ಬರೆದು ತನ್ನಲ್ಲಿಗೆ ಬರಹೇಳುತ್ತಾನೆ. ಅವಳು ಪತ್ರ ಹರಿದು ದೂತನ ಮುಖಕ್ಕೆ ಎಸೆಯುತ್ತಾಳೆ. ಕೋಟೆ ಏನೂ ಮಾಡುವುದಿಲ್ಲ. ನೋಟಿಸಿಲ್ಲ, ದಂಡವಿಲ್ಲ. ಊರಿನವರು ತಾವೇ ಅವರ ಮನೆಯ ಹೊಸ್ತಿಲು ತುಳಿಯುವುದನ್ನು ಬಿಡುತ್ತಾರೆ. ಚಮ್ಮಾರನಾದ ಅಪ್ಪನ ಹತ್ತಿರ ಹೊಲಿಯಲು ಕೊಟ್ಟಿದ್ದ ಬೂಟುಗಳನ್ನು ಒಬ್ಬೊಬ್ಬರಾಗಿ ವಾಪಸು ಒಯ್ಯುತ್ತಾರೆ. ಅಪ್ಪ ಕ್ಷಮೆ ಬೇಡಲು ಹೋದರೆ ಅಧಿಕಾರಿಗಳು ಕೇಳುತ್ತಾರೆ: ಯಾವ ತಪ್ಪಿಗೆ ಕ್ಷಮೆ? ನಿಮ್ಮ ಮೇಲೆ ದೂರೇ ಇಲ್ಲವಲ್ಲ! ದೂರಿಲ್ಲದವನಿಗೆ ಬಿಡುಗಡೆಯೂ ಇಲ್ಲ. ಆ ಮುದುಕ ಅಧಿಕಾರಿಗಳ ಗಾಡಿ ಹೋಗುವ ದಾರಿಯಲ್ಲಿ ಚಳಿಯಲ್ಲಿ ದಿನವೂ ಕಾದು ಕೂತು ಮೈಕೈ ಸೆಟೆದುಕೊಂಡು ಮೂಲೆ ಸೇರುತ್ತಾನೆ. ಊರಿನಿಂದ ಹೊರಗಿಟ್ಟವರ ಸಂಕಟ ಏನೆಂದು ನಮ್ಮ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೋಟೆಯ ಆಳ್ವಿಕೆಯ ಅರ್ಧ ಭಾರವನ್ನು ಹಳ್ಳಿಯ ಹೆದರಿಕೆಯೇ ಹೊರುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಬರಹ ನಾನು ಬೇರೆ ಓದಿಲ್ಲ.

ಒಬ್ಬೊಬ್ಬರ ಪಾಡು ಹಾಗಿರಲಿ, ಇಡೀ ಸೀಮೆಯೇ ಹೀಗೆ ಕಾದದ್ದುಂಟು. 1970ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆ ಘೋಷಿಸಿದರು: ಸೇಲಂ, ವಿಶಾಖಪಟ್ಟಣ, ನಮ್ಮ ವಿಜಯನಗರ. 1971ರಲ್ಲಿ ಅವರೇ ತೋರಣಗಲ್ಲಿಗೆ ಬಂದು ಅಡಿಗಲ್ಲು ಇಟ್ಟರು. ನಾನಾಗ ಹೈಸ್ಕೂಲು ಹುಡುಗ. ನಮ್ಮೂರಿನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಹೋಗಿದ್ದರು. ಸೇಲಂ ಕಾರ್ಖಾನೆ 1980ರ ದಶಕದ ಆರಂಭಕ್ಕೆ ನಡೆಯತೊಡಗಿತು. ವಿಶಾಖಪಟ್ಟಣದ್ದು 1992ರಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ತೋರಣಗಲ್ಲಿನದು ಯೋಜನಾ ವರದಿಗಳಲ್ಲೇ ಉಳಿಯಿತು. ಚುನಾವಣೆ ಬಂದಾಗೊಮ್ಮೆ, ಬಜೆಟ್ಟು ಬಂದಾಗೊಮ್ಮೆ ಮಾತು ಏಳುತ್ತಿತ್ತು. ಕಾರ್ಖಾನೆ ಬರುವುದಿಲ್ಲ ಎಂದು ನಮ್ಮೂರಿಗೆ ಬಂದು ಹೇಳಿದವರು ನನಗೆ ನೆನಪಿಲ್ಲ. ನನ್ನ ಓರಗೆಯ ಹುಡುಗರು ಐಟಿಐ ಮಾಡಿಕೊಂಡು ಫಿಟ್ಟರು, ವೆಲ್ಡರು ಎಂಬ ಸರ್ಟಿಫಿಕೇಟು ಹಿಡಿದು ಕಾದರು. ಕಾದು ಕಾದು ಕೆಲವರು ಗಂಗಾವತಿ ಕಡೆ ಭತ್ತದ ಗದ್ದೆಗೆ, ಕೆಲವರು ಬೆಂಗಳೂರಿಗೆ ಹೋದರು. ಕೊನೆಗೆ 1994ರಲ್ಲಿ ಖಾಸಗಿ ಕಂಪನಿ ಹುಟ್ಟಿಕೊಂಡು, ಆ ದಶಕದ ಕೊನೆಗೆ ತೋರಣಗಲ್ಲಿನಲ್ಲಿ ಉಕ್ಕು ಬಂತು. ಅಷ್ಟು ಹೊತ್ತಿಗೆ ಅಡಿಗಲ್ಲು ನೋಡಲು ಹೋಗಿದ್ದ ನಮ್ಮ ತಲೆಮಾರಿನವರಿಗೆ ಕೆಲಸಕ್ಕೆ ಸೇರುವ ವಯಸ್ಸು ಮೀರಿತ್ತು.

ಆ ಬಳಿಕವೂ ಪಾಠ ಕಲಿತಂತಿಲ್ಲ. 2010ರ ಹೊತ್ತಿಗೆ ಕುಡತಿನಿ, ವೇಣಿವೀರಾಪುರ, ಹರಗಿನಡೋಣಿ ಸುತ್ತಮುತ್ತ ಇನ್ನಷ್ಟು ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ಹೊಲ ಸ್ವಾಧೀನವಾಯಿತು. ವರ್ಷಗಳು ಕಳೆದರೂ ಹೇಳಿದ ಕಾರ್ಖಾನೆಗಳು ಏಳಲಿಲ್ಲ. ಭೂಮಿ ಕಳೆದುಕೊಂಡವರು 2022ರ ಡಿಸೆಂಬರಿನಲ್ಲಿ ಕುಡತಿನಿಯಲ್ಲಿ ಧರಣಿ ಕೂತರು. ನ್ಯಾಯವಾದ ಬೆಲೆ ಕೊಡಿ, ಹೇಳಿದಂತೆ ಉದ್ಯೋಗ ಕೊಡಿ, ಇಲ್ಲದಿದ್ದರೆ ನಮ್ಮ ಹೊಲ ನಮಗೆ ಬಿಡಿ. ಇದರಲ್ಲಿ ಒಂದಾದರೂ ಆಗಲಿ ಎನ್ನುವವರ ಬೇಡಿಕೆ ನನಗೆ ಬಹಳ ಸಣ್ಣದಾಗಿ ಕಾಣುತ್ತದೆ. ಅವರು ಕೇಳುತ್ತಿರುವುದು ಒಂದು ಉತ್ತರ.

ಕನ್ನಡದಲ್ಲಿ ಈ ದುಃಖವನ್ನು ಬರೆದವರಿಲ್ಲವೇ? ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯನ್ನು ನಾನು ಕಾಫ್ಕಾನ ಪಕ್ಕದಲ್ಲೇ ಇಡುತ್ತೇನೆ. ಗಿರೀಶ್ ಕಾಸರವಳ್ಳಿ 1986ರಲ್ಲಿ ಅದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ತಬರನಾಗಿ ನಟಿಸಿದ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂತು. ನಿವೃತ್ತನಾದ ಕೆಳಹಂತದ ನೌಕರ ತಬರ ತನ್ನ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಯ ಕಾಲಿನ ಹುಣ್ಣು ಕೊಳೆಯುತ್ತ ಹೋಗುತ್ತದೆ. ಅವನ ಪಿಂಚಣಿ ಕೊಡುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ದುಡ್ಡು ಬರುವ ಮೊದಲೇ ಹೆಂಡತಿ ಸಾಯುತ್ತಾಳೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂದದ್ದು. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ಯಾವ ಆಪಾದನೆ ಎಂದೇ ಸರಿಯಾಗಿ ತಿಳಿಯದೆ ಕೆಲಸದಿಂದ ದೂರವಿಡಲ್ಪಟ್ಟು ಒದ್ದಾಡುತ್ತಾನೆ. ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಯಲ್ಲಿ ಮನ್ರೊ ಸಾಹೇಬನೇ ಪಾತ್ರವಾಗಿ ಬರುತ್ತಾನೆ, ಅದಕ್ಕೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ತಬರನನ್ನು ಓದಿ ಕಣ್ಣೀರು ಬರುತ್ತದೆ. ಕೆ.ಯನ್ನು ಓದಿದರೆ ಬರುವುದಿಲ್ಲ, ಅದಕ್ಕೆ ಕಾರಣವೂ ಇದೆ. ತಬರ ಹೆಂಡತಿಗಾಗಿ ಕಚೇರಿಗೆ ಹೋಗುತ್ತಾನೆ. ಕೆ. ಬರಬರುತ್ತ ಕೋಟೆಗಾಗಿಯೇ ಕೋಟೆಯನ್ನು ಹುಡುಕುತ್ತಾನೆ. ಮೊದಲು ಕ್ಲಾಮ್‌ನ ಪ್ರೇಯಸಿಯಾಗಿದ್ದ ಫ್ರೀಡಾಳ ಪ್ರೀತಿಯೂ ಅವನಿಗೆ ಕ್ಲಾಮ್‌ನನ್ನು ತಲುಪುವ ದಾರಿಯಾಗಿಬಿಡುತ್ತದೆ, ಅವಳು ಅದನ್ನು ತಿಳಿದು ಬಿಟ್ಟುಹೋಗುತ್ತಾಳೆ. ಕಾಯುವುದು ಚಟವಾದಾಗ ಮನುಷ್ಯ ಹೀಗೂ ಆಗುತ್ತಾನೆ. ಮಗನ ಮದುವೆಗೂ ಹೋಗದೆ ಕೇಸಿನ ತಾರೀಖಿಗೆ ಹೋದವರನ್ನು ನಾನು ಬಲ್ಲೆ.

ಕಾದಂಬರಿಯ ಕೊನೆಯ ಭಾಗದಲ್ಲಿ ಒಂದು ರಾತ್ರಿ ಕೆ. ತಪ್ಪಿ ಬ್ಯೂರ್ಗೆಲ್ ಎಂಬ ಕಾರ್ಯದರ್ಶಿಯ ಕೋಣೆಗೆ ಹೋಗುತ್ತಾನೆ. ಹಾಸಿಗೆಯಲ್ಲಿ ಕೂತ ಆ ಅಧಿಕಾರಿ ಒಂದು ಗುಟ್ಟು ಬಿಚ್ಚಿಡುತ್ತಾನೆ: ಅರ್ಜಿದಾರ ಹೀಗೆ ಅಕಸ್ಮಾತ್ತಾಗಿ, ರಾತ್ರಿ ಹೊತ್ತು, ಮುನ್ಸೂಚನೆಯಿಲ್ಲದೆ ಬಂದುಬಿಟ್ಟರೆ ನಾವು ಅವನ ಬೇಡಿಕೆಯನ್ನು ನಿರಾಕರಿಸಲಾರೆವು, ಅವನು ಬಾಯಿ ಬಿಟ್ಟು ಕೇಳಿದರೆ ಸಾಕು. ಕೇಳ ಕೇಳುತ್ತ ಕೆ. ದಣಿವಿನಿಂದ ನಿದ್ದೆಗೆ ಜಾರುತ್ತಾನೆ. ಬಾಗಿಲು ತೆರೆದ ಒಂದೇ ಗಳಿಗೆಯಲ್ಲಿ ಅವನಿಗೆ ಎಚ್ಚರವಿಲ್ಲ. ಬೆಳಗಿನ ಜಾವ ಅದೇ ಕಟ್ಟಡದ ಓಣಿಯಲ್ಲಿ ಸೇವಕರು ಸಣ್ಣ ಗಾಡಿಯಲ್ಲಿ ಫೈಲು ಹೇರಿಕೊಂಡು ಬಾಗಿಲು ಬಾಗಿಲಿಗೆ ಹಂಚುತ್ತಾರೆ. ಕೊನೆಗೆ ಗಾಡಿಯಲ್ಲಿ ಒಂದೇ ಒಂದು ಚೀಟಿ ಉಳಿಯುತ್ತದೆ, ಯಾರದೆಂದು ಗೊತ್ತಾಗುವುದಿಲ್ಲ. ಸೇವಕ ಸುತ್ತ ನೋಡಿ, ಜೊತೆಯವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಅದನ್ನು ಚೂರು ಚೂರು ಹರಿದು ಜೇಬಿಗೆ ಹಾಕಿಕೊಳ್ಳುತ್ತಾನೆ. ಅದು ನನ್ನದೇ ಇರಬಹುದು ಎಂದು ಕೆ.ಗೆ ಅನ್ನಿಸುತ್ತದೆ.

ಕಾಫ್ಕಾ ಈ ಕಥೆಯನ್ನು ಹೇಗೆ ಮುಗಿಸಬೇಕೆಂದಿದ್ದ ಎಂಬುದನ್ನು ಬ್ರಾಡ್ ಬರೆದಿಟ್ಟಿದ್ದಾನೆ. ಕೆ. ಬಳಲಿ ಬಳಲಿ ಸಾವಿನ ಹಾಸಿಗೆ ಹಿಡಿಯುತ್ತಾನೆ. ಊರಿನವರು ಸುತ್ತ ಸೇರಿರುತ್ತಾರೆ. ಆಗ ಕೋಟೆಯಿಂದ ನಿರ್ಣಯ ಬರುತ್ತದೆ: ಈ ಊರಿನಲ್ಲಿ ಇರಲು ನಿನಗೆ ಹಕ್ಕಿಲ್ಲ, ಆದರೂ ಕೆಲವು ಸಂದರ್ಭಗಳನ್ನು ಗಮನಿಸಿ ಇಲ್ಲಿ ಬಾಳಿ ದುಡಿಯಲು ಅನುಮತಿ ಕೊಡಲಾಗಿದೆ. ಕೊನೆಗೂ ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ.

ಕೆ.ಯ ಊರಿನಲ್ಲಿ ಇಲ್ಲದ ಕೆಲವು ಸಾಧನಗಳು ನಮ್ಮಲ್ಲಿವೆ. ಕರ್ನಾಟಕದಲ್ಲಿ ಸಕಾಲ ಕಾಯ್ದೆ 2011ರಲ್ಲಿ ಆಗಿ 2012ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟರೆ ಸ್ವೀಕೃತಿ ಸಂಖ್ಯೆ ಕೊಡಬೇಕು, ಗಡುವು ಮೀರಿದರೆ ಮೇಲ್ಮನವಿಗೆ ಅವಕಾಶವಿದೆ, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರವೂ ಇದೆ. ದುಡ್ಡು ಸಣ್ಣದು, ಗಡುವು ದೊಡ್ಡದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಫೈಲು ಎಲ್ಲಿದೆ, ಯಾರ ಮೇಜಿನ ಮೇಲಿದೆ ಎಂದು ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಅರ್ಜಿ ಆಗುವುದಿಲ್ಲ ಎಂದಾದರೆ ಕಾರಣ ಬರೆದು ಹಿಂಬರಹ ಕೊಡಿ ಎಂದು ಕೇಳಿ. ಹಿಂಬರಹ ಕೈಯಲ್ಲಿದ್ದರೆ ಮುಂದಿನ ಮೆಟ್ಟಿಲು ಹತ್ತಬಹುದು, ಇಲ್ಲವೇ ಮನೆಗೆ ಹೋಗಿ ಬೇರೆ ದಾರಿ ನೋಡಿಕೊಳ್ಳಬಹುದು. ಕಚೇರಿಯಲ್ಲಿ ಕೂತಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗೂ ಇದೇ ವಿನಂತಿ: ಆಗದ ಕೆಲಸವನ್ನು ಆಗುವುದಿಲ್ಲ ಎಂದು ಬರೆದುಕೊಡಿ, ಮುಂದಿನ ವಾರ ಬಾ ಎನ್ನಬೇಡಿ. ಸಾಧ್ಯವಾದರೆ ‘ದಿ ಕ್ಯಾಸಲ್’ ಓದಿ. ಪೂರ್ತಿ ಓದಲು ಬಿಡುವಿಲ್ಲದಿದ್ದರೆ ಹಳ್ಳಿ ಮುಖ್ಯಸ್ಥನ ಆ ಒಂದು ಅಧ್ಯಾಯವನ್ನಾದರೂ ಓದಿ.